ಮಾಗ್ಣೆಂ, ನಿಯಾಳ್, ಬೆಸಾಂವ್: ಕಾಸರಗೋಡಿನ ಕಥೋಲಿಕ ಮನೆಗಳ ನಿತ್ಯಪ್ರಾರ್ಥನೆಯ ನುಡಿಚರಿತ್ರೆ

ಗಡಿನಾಡ ಕನ್ನಡದ ಪ್ರಸ್ತಾಪ ಬಂದಾಗ ನಾವು ಸಾಮಾನ್ಯವಾಗಿ ಶಾಲೆ, ಯಕ್ಷಗಾನ, ಪತ್ರಿಕೆ, ಹವ್ಯಕರ ಕನ್ನಡ, ಕೋಟೆಯವರ ಕನ್ನಡ ಇವುಗಳನ್ನೇ ಹಿಡಿದುಕೊಂಡು ಮಾತಾಡುತ್ತೇವೆ. ಅದು ತಪ್ಪಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಬೇಳ, ಕಯ್ಯಾರು, ಮಂಜೇಶ್ವರ ಕಡೆಯ ಕಥೋಲಿಕ ಮನೆಗಳಲ್ಲಿ ನಡೆಯುವ ಪ್ರಾರ್ಥನೆ ನಮ್ಮ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಕಾರಣ ಕೇಳಿದರೆ, ಅದು ಕನ್ನಡವಲ್ಲ, ಕೊಂಕಣಿ ಅಂತ ಹೇಳ್ತಾರೆ. ಕೊಂಕಣಿ ಭಾಷೆಯವರು ಕೇಳಿದರೆ, ಅದು ಕೇರಳಕ್ಕೆ ಸೇರಿದ ಮೂಲೆ, ಲಿಪಿಯೋ ಕನ್ನಡ, ಅಂತ ಅವರೂ ಬಿಡ್ತಾರೆ. ಹೀಗೆ ಇಬ್ಬರೂ ಬಿಟ್ಟ ಒಂದು ವಸ್ತುವನ್ನು ಈ ಪ್ರಬಂಧದಲ್ಲಿ ಎತ್ತಿಕೊಂಡಿದ್ದೇನೆ. ಆಡುವುದು ಕೊಂಕಣಿ, ಬರೆಯುವುದು ಕನ್ನಡ ಅಕ್ಷರ, ಒಳಗಿನ ಪದಗಳಲ್ಲಿ ಸಂಸ್ಕೃತವೂ ಪೋರ್ಚುಗೀಸೂ ಕೂಡಿಕೊಂಡಿರುವ ಈ ನಿತ್ಯಪ್ರಾರ್ಥನೆಯ ಮಾತು ಎಲ್ಲಿಂದ ಬಂತು, ಹೇಗೆ ಉಳಿಯಿತು ಎಂಬುದು ನನ್ನ ವಿಷಯ. ಮತಶಾಸ್ತ್ರ ನನ್ನ ಕ್ಷೇತ್ರವಲ್ಲ. ಸಂಸ್ಕೃತ ಪಾಠ ಹೇಳಿದವನಿಗೆ ಶಬ್ದದ ಬೆನ್ನು ಹಿಡಿದು ಹೋಗುವ ಚಟ ಇರ್ತದೆ. ಆ ಚಟದ ಫಲ ಇದು.

ಮೊದಲು ಆ ಪ್ರಾರ್ಥನೆಯ ಸ್ವರೂಪ ತಿಳಿಯದವರಿಗಾಗಿ ನಾಲ್ಕು ಮಾತು. ಕಥೋಲಿಕರ ದಿನಕ್ಕೆ ಮೂರು ಸಂಧ್ಯೆಗಳುಂಟು. ಬೆಳಗ್ಗೆ, ನಡುಹಗಲು, ಸಂಜೆ ಇಗರ್ಜಿಯ ಗಂಟೆ ಮೂರು ಮೂರು ಪೆಟ್ಟಿನಂತೆ ಬಾರಿಸುತ್ತದೆ. ದೇವದೂತನು ಮರಿಯಮ್ಮನಿಗೆ ತಿಳಿಸಿದ ಶುಭವಾರ್ತೆಯನ್ನು ನೆನೆದು ಇದ್ದಲ್ಲಿಯೇ ನಿಂತು ಜಪಿಸಬೇಕು. ನಮ್ಮ ಕಡೆ ಗದ್ದೆಯಲ್ಲಿ ನೇಜಿ ನೆಡುವವರು ಯಾವ ಜಾತಿಯವರಾಗಿದ್ದರೂ ಹನ್ನೆರಡರ ಗಂಟೆ ಕೇಳಿಯೇ ಗಂಜಿಗೆ ಏಳುವುದಿತ್ತು. ತ್ರಿಕಾಲ ಸಂಧ್ಯಾವಂದನೆಯ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಬಹಳ ಬೇಗ ಅರ್ಥವಾಗ್ತದೆ. ಊಟಕ್ಕೆ ಮೊದಲು ಒಂದು ಸಣ್ಣ ಪ್ರಾರ್ಥನೆ. ಸಂಜೆ ಮನೆಯವರೆಲ್ಲ ಅಲ್ತಾರಿನ ಎದುರು ಮೊಣಕಾಲೂರಿ ಹೇಳುವ ಜಪಮಾಲೆ, ಅದಕ್ಕೆ ‘ತೇರ್ಸ್’ ಅಂತ ಹೆಸರು. ಅದರ ಕೊನೆಗೆ ಮಾತೆಯ ನಾಮಾವಳಿ. ಅದೂ ಮುಗಿದ ಮೇಲೆ ಚಿಕ್ಕವರು ಕೈ ಜೋಡಿಸಿ ಹಿರಿಯರೊಬ್ಬೊಬ್ಬರ ಎದುರಿಗೂ ಹೋಗಿ ‘ಬೆಸಾಂವ್’ ಬೇಡುವುದು. ಮಲಗುವ ಮೊದಲು ಆ ದಿನದ ನಡತೆಯನ್ನು ತಾನೇ ಒಮ್ಮೆ ಹಿಂದಿರುಗಿ ನೋಡುವುದು. ಇವಿಷ್ಟು ಪಾದ್ರಿಗಳು ಇಲ್ಲದೆ ಮನೆಯವರೇ ನಡೆಸುವ ಕ್ರಮಗಳು. ನನ್ನ ವಾದಕ್ಕೆ ಇದು ಮುಖ್ಯ.

ಯಾಕೆಂದರೆ ಪೂಜೆಯ ಭಾಷೆ ಬೇರೆ ಇತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಬಗ್ಗೆ ಹೊರಡಿಸಿದ ಶಾಸನದಿಂದ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಬಲಿಪೀಠದ ಭಾಷೆ ಲತೀನ್. ಆಳುವವರ ಭಾಷೆ ಗೋವೆಯಲ್ಲಿ ಪೋರ್ಚುಗೀಸ್, ನಮ್ಮಲ್ಲಿ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ಹಾಗಾದರೆ ಕೊಂಕಣಿಗೆ ಪವಿತ್ರವಾದ ಜಾಗ ಎಲ್ಲಿತ್ತು? ಮನೆಯ ಅಲ್ತಾರಿನ ಎದುರು, ಚಾಪೆಯ ಮೇಲೆ, ಅಜ್ಜಿಯ ಬಾಯಲ್ಲಿ. ಸುಮಾರು ನಾಲ್ಕು ಶತಮಾನ ಈ ನುಡಿಗೆ ದೇವರ ಎದುರು ನಿಲ್ಲುವ ಅವಕಾಶ ಸಿಕ್ಕಿದ್ದು ಹೆಚ್ಚಾಗಿ ಇಲ್ಲಿಯೇ.

ಇದರ ಬೇರು ಗೋವೆಯಲ್ಲಿದೆ. 1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಕೂಡಿಸಿ ಧರ್ಮೋಪದೇಶವನ್ನು ರಾಗವಾಗಿ ಹೇಳಿಕೊಡುತ್ತಿದ್ದನೆಂಬುದು ಪ್ರಸಿದ್ಧ ಸಂಗತಿ. ರಾಗವಾಗಿ ಹೇಳಿದ್ದು ನಾಲಗೆಯಲ್ಲಿ ನಿಲ್ತದೆ ಅನ್ನುವ ಗುಟ್ಟು ನಮ್ಮ ವೇದಪಾಠಶಾಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 1556ರಲ್ಲಿ ಗೋವೆಗೆ ಮುದ್ರಣಯಂತ್ರ ಬಂತು. 1579ರಲ್ಲಿ ಬಂದ ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮುಂದಿನ ನಾಲ್ವತ್ತು ವರ್ಷ, ಅಂದರೆ 1619ರಲ್ಲಿ ತೀರಿಹೋಗುವವರೆಗೆ, ಹೆಚ್ಚಾಗಿ ಸಾಷ್ಟಿ ಪ್ರಾಂತ್ಯದಲ್ಲಿಯೇ ಕಳೆದ. ಆತ ಎರಡು ಬಗೆಯ ಗ್ರಂಥ ಬರೆದ. ಒಂದು 1616ರಲ್ಲಿ ರಾಯತೂರಿನಲ್ಲಿ ಅಚ್ಚಾದ ಕ್ರಿಸ್ತಪುರಾಣ. ಮರಾಠಿ ಓವಿಯಲ್ಲಿ, ಎರಡು ಭಾಗ, ಮೊದಲನೆಯದರಲ್ಲಿ 36, ಎರಡನೆಯದರಲ್ಲಿ 59 ಅಧ್ಯಾಯ. ಸ್ವರ್ಗಕ್ಕೆ ವೈಕುಂಠ ಎಂಬ ಹೆಸರನ್ನೇ ಇಟ್ಟ ಧೈರ್ಯದ ಕೃತಿ. ಇನ್ನೊಂದು ಅವನ ಮರಣಾನಂತರ 1622ರಲ್ಲಿ ಅಚ್ಚಾದ ಧರ್ಮೋಪದೇಶದ ಚಿಕ್ಕ ಪುಸ್ತಕ, ಇದು ಕೊಂಕಣಿಯಲ್ಲಿ. ಪುರಾಣಕ್ಕೆ ಎತ್ತರದ ಭಾಷೆ, ದಿನನಿತ್ಯದ ಜಪಕ್ಕೆ ಮನೆಯ ಭಾಷೆ. ಕುಮಾರವ್ಯಾಸನನ್ನು ವಾಚಿಸುವಾಗ ಒಂದು ಕನ್ನಡ, ಅಡುಗೆಮನೆಯಲ್ಲಿ ಇನ್ನೊಂದು ಕನ್ನಡ ಆಡುವ ನಮಗೆ ಈ ವಿವೇಕ ಹೊಸದಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. 1622ರ ಆ ಪುಸ್ತಕದ ಹೆಸರಿನಲ್ಲಿಯೂ, ಸ್ಟೀಫನ್ಸ್ ಬರೆದು 1640ರಲ್ಲಿ ಅಚ್ಚಾದ ವ್ಯಾಕರಣದ ಹೆಸರಿನಲ್ಲಿಯೂ ಭಾಷೆಗೆ ‘ಕಾನರಿಂ’ ಎಂದಿದೆ. ಇದನ್ನು ಕಂಡು ಕೆಲವು ಅಭಿಮಾನಿಗಳು ಅಚ್ಚಾದ ಮೊದಲ ಕನ್ನಡ ವ್ಯಾಕರಣ ಗೋವೆಯದು ಅಂತ ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಪೋರ್ಚುಗೀಸರು ಗೋವೆಯ ಜನರನ್ನೂ ಅವರ ನುಡಿಯನ್ನೂ ಆ ಹೆಸರಿನಿಂದ ಕರೆದರು. ಪುಸ್ತಕದ ಒಳಗಿನ ಭಾಷೆ ಕೊಂಕಣಿಯೇ. ಗೋವೆಯಲ್ಲಿ ಕನ್ನಡಕ್ಕೆ ಜಾಗ ಇತ್ತು ಅನ್ನುವುದಕ್ಕೆ ಗೋವೆಯ ಕದಂಬರ ಕನ್ನಡ ಶಾಸನಗಳು ಬೇಕಾದಷ್ಟು ಉಂಟು. ಇಲ್ಲದ ಸಾಕ್ಷಿಯನ್ನು ತಂದು ಇದ್ದ ಸಾಕ್ಷಿಯ ಬೆಲೆ ಕಳೆಯುವುದು ಯಾಕೆ?

ಮತವಿಚಾರಣೆಯ ಭಯ, ಬರಗಾಲ, 1683ರ ಮತ್ತು 1737ರಿಂದ 1740ರವರೆಗಿನ ಮರಾಠರ ದಾಳಿ, ಹೀಗೆ ಬೇರೆ ಬೇರೆ ಕಾರಣದಿಂದ ಗೋವೆಯ ಕಥೋಲಿಕರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವರಿಗೆ ಭೂಮಿ ಸಿಕ್ಕಿತು. ಗೋವೆಯಲ್ಲಿ 1684ರಲ್ಲಿ ವೈಸ್‌ರಾಯ್ ಕೊಂಕಣಿಯ ವಿರುದ್ಧ ಆಜ್ಞೆ ಹೊರಡಿಸಿದಾಗ ಇಲ್ಲಿಗೆ ಬಂದ ಕೊಂಕಣಿಗೆ ಅಂಥ ಆಜ್ಞೆಯ ಕಾಟ ಇರಲಿಲ್ಲ. ಇಲ್ಲಿ ಅದರ ಸುತ್ತ ತುಳು, ಕನ್ನಡ, ಮಲಯಾಳ. ವ್ಯವಹಾರದ ಬರವಣಿಗೆ ಕನ್ನಡದಲ್ಲಿ. ಕ್ರಮೇಣ ಕೊಂಕಣಿಯೂ ಕನ್ನಡ ಅಕ್ಷರ ತೊಟ್ಟುಕೊಂಡಿತು.

ನಿತ್ಯಪ್ರಾರ್ಥನೆಯ ಬಲ ಏನೆಂಬುದಕ್ಕೆ ಈ ಸಮುದಾಯದ ಚರಿತ್ರೆಯಲ್ಲಿ ಒಂದು ಕಠಿಣವಾದ ಪರೀಕ್ಷೆ ಬಂತು. 1784ರ ಫೆಬ್ರವರಿ, ವಿಭೂತಿ ಬುಧವಾರದ ಹೊತ್ತು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಸಾವಿರಾರು ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಪಾದ್ರಿಗಳನ್ನು ಗೋವೆಗೆ ಅಟ್ಟಿಯಾಗಿತ್ತು. ಇಗರ್ಜಿಗಳನ್ನು ಕೆಡವಿದ್ದರು. 1799ರ ಮೇ 4ರಂದು ಪಟ್ಟಣ ಬಿದ್ದು ಸುಲ್ತಾನ ಮಡಿಯುವವರೆಗೆ, ಹದಿನೈದು ವರ್ಷ, ಆ ಜನರಿಗೆ ಪೂಜೆ ಇಲ್ಲ, ಗಂಟೆ ಇಲ್ಲ, ಪಾಪನಿವೇದನೆಗೆ ಕಿವಿಗೊಡುವವರಿಲ್ಲ. ಹಾದಿಯಲ್ಲಿ ಸತ್ತವರು ಎಷ್ಟೋ. ತಿರುಗಿ ಬಂದವರು ಬರುವಾಗ ಮಕ್ಕಳಿಗೆ ಜಪ ಬರ್ತಿತ್ತು ಅನ್ನುವುದೇ ಆಶ್ಚರ್ಯ. ಆ ಹದಿನೈದು ವರ್ಷದಲ್ಲಿ ಹುಟ್ಟಿದ ಮಗು ಪಾದ್ರಿಯ ಮುಖವನ್ನೇ ನೋಡಿರದಿದ್ದರೂ ತಾಯಿಯ ಬಾಯಿಂದ ‘ನಮಾನ್ ಮರಿಯೆ’ ಕಲಿತಿದ್ದಿರಬೇಕು. ಬೇರೆ ದಾರಿಯೇ ಇರಲಿಲ್ಲ. ಕ್ರಿಸ್ತಪುರಾಣದ ಹಸ್ತಪ್ರತಿಗಳು ಸೆರೆಯ ಕಾಲದಲ್ಲಿ ಆ ಜನರಿಗೆ ಧೈರ್ಯ ಕೊಟ್ಟುವು ಎಂಬ ಪ್ರತೀತಿ ಮಂಗಳೂರಿನ ಹಳೆ ಕುಟುಂಬಗಳಲ್ಲಿದೆ. ಪುರಾಣದ ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ಈಗ ಉಳಿದಿಲ್ಲ. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿದ್ದು ಮನೆಮನೆಯಲ್ಲಿ ನಕಲು ಮಾಡಿ ಕಾಪಾಡಿದ್ದ ಇಂಥ ಹಸ್ತಪ್ರತಿಗಳಿಂದಲೇ. ಅಚ್ಚು ಅಳಿದು ಕೈಬರಹ ಉಳಿದದ್ದು ಮನೆಯಲ್ಲಿ ಓದುವ ರೂಢಿ ಇದ್ದುದರಿಂದ.

ಇನ್ನು ಶಬ್ದಗಳಿಗೆ ಬರೋಣ. ನಾನು ಕಂಡುಕೊಂಡದ್ದು ಇಷ್ಟು. ಇಗರ್ಜಿಯಲ್ಲಿ, ಪಾದ್ರಿಯ ಕೈಯಿಂದ ನಡೆಯುವುದಕ್ಕೆ ಬಹುಮಟ್ಟಿಗೆ ಪೋರ್ಚುಗೀಸ್ ಹೆಸರು. ಮನುಷ್ಯನ ಒಳಗೆ ನಡೆಯುವುದಕ್ಕೆ ಬಹುಮಟ್ಟಿಗೆ ನಮ್ಮ ಹಳೆಯ ಹೆಸರು. ಪೂಜೆ ‘ಮೀಸ್’, ಪಾಪನಿವೇದನೆ ‘ಕುಮ್ಸಾರ್’, ಪರಮಪ್ರಸಾದ ಸ್ವೀಕಾರ ‘ಕುಮ್ಗಾರ್’, ಧರ್ಮೋಪದೇಶ ‘ದೊತೊರ್ನ್’, ಶಿಲುಬೆ ‘ಖುರಿಸ್’, ಹಬ್ಬ ‘ಫೆಸ್ತ್’. ಇವೆಲ್ಲ ಹಡಗಿನಲ್ಲಿ ಬಂದ ಮಾತುಗಳು. ಆದರೆ ಪ್ರಾರ್ಥನೆ ‘ಮಾಗ್ಣೆಂ’, ಕೃಪೆ ‘ಕುರ್ಪಾ’, ಪಾಪ ‘ಪಾತಕ್’, ಸ್ವರ್ಗ ‘ಸರ್ಗ್’, ಧ್ಯಾನ ‘ನಿಯಾಳ್’, ಆತ್ಮಸಾಕ್ಷಿ ‘ಅಂತಸ್ಕರ್ನ್’. ಹೊಸ ಮತಕ್ಕೆ ಬಂದವರು ಹೊಸ ವಿಧಿಗಳ ಹೆಸರನ್ನು ಕಲಿತರು. ಬೇಡುವುದಕ್ಕೆ, ಮರುಗುವುದಕ್ಕೆ, ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ಅಜ್ಜಂದಿರ ಮಾತನ್ನೇ ಇಟ್ಟುಕೊಂಡರು.

ಈ ಒಳಗಿನ ಮಾತುಗಳಲ್ಲಿಯೂ ಎರಡು ಪದರ ಉಂಟು. ಕೃಪಾ ಎಂಬುದಕ್ಕೆ ಪ್ರಾಕೃತದಲ್ಲಿ ‘ಕಿವಾ’ ಎಂಬ ರೂಪ. ಕೊಂಕಣಿಯ ‘ಕುರ್ಪಾ’ ಆ ದಾರಿಯಿಂದ ಬಂದದ್ದಲ್ಲ. ಸಂಸ್ಕೃತ ಶಬ್ದವನ್ನೇ ಕಿವಿಯಿಂದ ಕೇಳಿ ಬಾಯಿಗೆ ಹೊಂದಿಸಿಕೊಂಡದ್ದು. ‘ಪಾತಕ್’ ಕೂಡ ಹಾಗೆಯೇ, ಪ್ರಾಕೃತದ ದಾರಿ ಹಿಡಿದಿದ್ದರೆ ನಡುವಿನ ತಕಾರ ಉಳಿಯುತ್ತಿರಲಿಲ್ಲ. ಅಂದರೆ ಇವು ಪುರಾಣ ಕೇಳಿ, ಕೀರ್ತನೆ ಕೇಳಿ ಜನರ ಬಾಯಿಗೆ ಬಂದಿದ್ದ ಅರ್ಧತತ್ಸಮಗಳು. ಜೆಸುಯಿಟರು ಅವನ್ನು ಸೃಷ್ಟಿಸಲಿಲ್ಲ, ಜನರ ಬಾಯಿಂದ ಎತ್ತಿಕೊಂಡರು. ‘ಮಾಗ್ಣೆಂ’ ಇದಕ್ಕಿಂತ ಹಳೆಯದು. ಸಂಸ್ಕೃತದ ‘ಮಾರ್ಗ್’ ಧಾತು, ಹುಡುಕು ಎಂದರ್ಥ. ಪ್ರಾಕೃತದಲ್ಲಿ ರೇಫ ಅಳಿದು ಗಕಾರ ಒತ್ತಾಯಿತು. ಅರ್ಥ ಹುಡುಕುವುದರಿಂದ ಬೇಡುವುದಕ್ಕೆ ತಿರುಗಿತು. ಅಮರಸಿಂಹ ‘ಮಾರ್ಗಣ’ ಶಬ್ದವನ್ನು ಯಾಚಕನ ಹೆಸರುಗಳಲ್ಲಿಯೂ ಹೇಳ್ತಾನೆ, ಬಾಣದ ಹೆಸರುಗಳಲ್ಲಿಯೂ ಹೇಳ್ತಾನೆ. ಗುರಿಯನ್ನು ಹುಡುಕಿ ಹೋಗುವುದರಿಂದ ಅದು ಬಾಣ, ಮನೆ ಹುಡುಕಿ ಬರುವುದರಿಂದ ಅವನು ಯಾಚಕ. ಸಂಜೆ ಚಾಪೆಯ ಮೇಲೆ ಮೊಣಕಾಲೂರಿದ ಮುದುಕಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳ ಮಾಗ್ಣೆಂ ಎರಡು ಅರ್ಥದಲ್ಲಿಯೂ ಸರಿಯಾಗಿಯೇ ಹೊರಡುತ್ತದೆ.

‘ಅಂತಸ್ಕರ್ನ್’ ಶಬ್ದದಲ್ಲಿ ಒಂದು ವ್ಯಾಕರಣದ ತಮಾಷೆ ಉಂಟು. ಅಂತಃಕರಣ ಎಂಬಲ್ಲಿಯ ವಿಸರ್ಗ ರೇಫದಿಂದ ಬಂದದ್ದು, ಮೂಲ ‘ಅಂತರ್’. ಅಲ್ಲಿ ಸಕಾರ ಬರುವುದಕ್ಕೆ ಸೂತ್ರ ಇಲ್ಲ. ನಮಸ್ಕಾರ, ಪುರಸ್ಕಾರ ಎಂಬವುಗಳನ್ನು ದಿನಾ ಆಡುವ ನಾಲಗೆ ಇದನ್ನೂ ಆ ಸಾಲಿಗೆ ಸೇರಿಸಿತು. ಪಾಣಿನಿ ಒಪ್ಪದಿದ್ದರೂ ಜನ ಒಪ್ಪಿದರು. ಇನ್ನೂ ಸ್ವಾರಸ್ಯದ್ದು ಅರ್ಥ. ವೇದಾಂತದಲ್ಲಿ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಕೂಡಿ ಅಂತಃಕರಣ. ಕನ್ನಡದ ಆಡುಮಾತಿನಲ್ಲಿ ಅಂತಃಕರಣ ಅಂದರೆ ಕರುಣೆ, ‘ಅಂತಃಕರಣ ಇಲ್ಲದ ಮನುಷ್ಯ’ ಅಂತ ಬಯ್ಯುತ್ತೇವಲ್ಲ. ಕೊಂಕಣಿ ಕಥೋಲಿಕರಲ್ಲಿ ಅದು ತಪ್ಪು ಮಾಡಿದಾಗ ಒಳಗಿನಿಂದ ಚುಚ್ಚುವ ಸಾಕ್ಷಿ. ಒಂದೇ ಶಬ್ದ, ಒಂದೇ ಊರಿನ ಮೂರು ಮನೆಗಳಲ್ಲಿ ಮೂರು ಕೆಲಸ ಮಾಡ್ತದೆ.

ಜೆಸುಯಿಟರ ಮೂಲಪುರುಷ ಇಗ್ನೇಷಿಯಸ್ ಲೊಯೋಲಾ ತನ್ನವರಿಗೆ ವಿಧಿಸಿದ ಒಂದು ನಿತ್ಯವ್ರತ ಈ ಅಂತಸ್ಕರ್ನದ ಪರೀಕ್ಷೆ. ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಬಳಿಕ ಗಂಟೆಗಂಟೆಯಾಗಿ ದಿನದ ವಿಮರ್ಶೆ, ತಪ್ಪಿಗೆ ಪಶ್ಚಾತ್ತಾಪ, ನಾಳೆಗೆ ಸಂಕಲ್ಪ. ನಮ್ಮ ಸುಭಾಷಿತಕಾರರು ‘ಪ್ರತ್ಯವೇಕ್ಷಣ’ ಅಂದದ್ದು ಇದಕ್ಕೆ ಬಹಳ ಹತ್ತಿರ. ಇದನ್ನೂ, ದಿನದ ಶುಭಸಂದೇಶ ಓದಿ ಮಾಡುವ ಚಿಂತನವನ್ನೂ ಹಿಡಿಯುವ ಕೊಂಕಣಿ ಮಾತು ‘ನಿಯಾಳ್’. ಸಂಸ್ಕೃತದ ‘ನಿಭಾಲ್’ ಧಾತು, ಪ್ರಾಕೃತದಲ್ಲಿ ‘ಣಿಹಾಲ್’, ಮರಾಠಿಯಲ್ಲಿ ‘ನಿಹಾಳಣೆ’ ಅಂದರೆ ದಿಟ್ಟಿಸಿ ನೋಡುವುದು. ಹಕಾರ ಸವೆದು ‘ನಿಯಾಳ್’ ಆಯಿತೆಂದೇ ನನ್ನ ಅಭಿಪ್ರಾಯ. ಮರಾಠಿಯವರು ಕಣ್ಣಿಂದ ನಿಹಾಳಿಸಿದ್ದನ್ನು ಇವರು ಕಣ್ಣು ಮುಚ್ಚಿ ನಿಯಾಳಿಸಿದರು.

ನನ್ನ ವಿಂಗಡಣೆಗೆ ವಿರುದ್ಧವಾಗಿ ನಿಲ್ಲುವ ಎರಡು ಮಾತುಗಳನ್ನು ಮುಚ್ಚಿಡಬಾರದು. ‘ತೇರ್ಸ್’ ಮತ್ತು ‘ಬೆಸಾಂವ್’ ಎರಡೂ ಮನೆಯೊಳಗಿನವು, ಎರಡೂ ಪೋರ್ಚುಗೀಸ್. ತೇರ್ಸ್ ಎಂದರೆ ಮೂರರಲ್ಲಿ ಒಂದು ಪಾಲು. ದಾವೀದನ ಕೀರ್ತನೆಗಳು 150, ಅದಕ್ಕೆ ಸರಿಯಾಗಿ 150 ಮಣಿಯ ಪೂರ್ಣ ಜಪ, ಅದರ ಮೂರನೆಯ ಒಂದು ಪಾಲು 50. ಮನೆಯಲ್ಲಿ ಒಂದು ಸಂಜೆಗೆ ಅಷ್ಟು ಸಾಕು. 2002ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಇನ್ನೂ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು 200 ಆಯಿತು, 50 ಎಂಬುದು ಕಾಲು ಪಾಲಾಯಿತು. ಆದರೂ ಹೆಸರು ‘ಮೂರನೆಯ ಪಾಲು’ ಅಂತಲೇ ಉಂಟು. ಗಣಿತಕ್ಕೆ ಅಂಜುವ ಜಾತಿ ಭಾಷೆಯದ್ದಲ್ಲ. ‘ಬೆಸಾಂವ್’ ಮಾತ್ರ ಹೊರಗಿನ ಶಬ್ದ ಹೇಗೆ ಒಳಗಿನದಾಗ್ತದೆ ಅನ್ನುವುದಕ್ಕೆ ಉತ್ತಮ ಉದಾಹರಣೆ. ಪೋರ್ಚುಗೀಸಿನ ಕೊನೆಯ ಮೂಗಿನ ಸ್ವರ ಬೇರೆ ಭಾಷೆಯಾಗಿದ್ದರೆ ಉದುರಿಹೋಗುತ್ತಿತ್ತು. ಕೊಂಕಣಿಯಲ್ಲಿ ‘ಗಾಂವ್’, ‘ನಾಂವ್’ ಎಂಬ ಸ್ವಂತ ಮಾತುಗಳು ಮೊದಲೇ ಇದ್ದುವು, ಬಂದ ಅತಿಥಿಗೆ ಅದೇ ಸಾಲಿನಲ್ಲಿ ಮಣೆ ಹಾಕಿದರು.

ಘಟ್ಟದ ಮೇಲಿನ ಕನ್ನಡ ಕಥೋಲಿಕರ ಮಾತಿನೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸ ಕಾಣ್ತದೆ. ಅಲ್ಲಿ ದುಡಿದವರೂ ಜೆಸುಯಿಟರೇ, ಆದರೆ ಮಧುರೆಯ ರಾಬರ್ಟ್ ದೆ ನೋಬಿಲಿಯ ಹಾದಿಯವರು. ನೋಬಿಲಿ ಕಾವಿ ಉಟ್ಟು ಸಂಸ್ಕೃತ ಕಲಿತು ಹೊಸ ಪರಿಭಾಷೆಯನ್ನೇ ಕಟ್ಟಿದ. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಅದೇ ಮಾದರಿಯನ್ನು ಮೈಸೂರು ಸೀಮೆಗೆ ತಂದು ಕನ್ನಡ ಕಲಿತು ಧರ್ಮೋಪದೇಶ ಬರೆದ. ತಾಳವಾಡಿ ಘಟ್ಟದ ಬುಡದ ಸತ್ಯಮಂಗಲವೂ ಆ ಮಿಷನ್ನಿನ ಠಾಣ್ಯಗಳಲ್ಲಿ ಒಂದು. ಸರ್ವೇಶ್ವರ, ಜ್ಞಾನಸ್ನಾನ, ವರಪ್ರಸಾದ ಮುಂತಾದ ಶಬ್ದಗಳು ಆ ಹಾದಿಯವು. ಅಲ್ಲಿ ಪರಿಭಾಷೆ ಪಂಡಿತರ ಕೈಯಿಂದ ಜನಕ್ಕೆ ಇಳಿಯಿತು. ಇಲ್ಲಿ ಕರಾವಳಿಯಲ್ಲಿ ಅರ್ಧ ಹಡಗಿನಿಂದ ಇಳಿಯಿತು, ಅರ್ಧ ಜನರಲ್ಲಿಯೇ ಇತ್ತು.

ಮಹಾಸಭೆಯ ನಂತರ ಕೊಂಕಣಿ ಪೂಜಾಪುಸ್ತಕಗಳು ಬಂದಾಗ ಸಂಸ್ಕೃತ ಮತ್ತೊಮ್ಮೆ ಒಳಗೆ ಬಂತು. ಹಳಬರು ‘ಸ್ಪಿರಿತು ಸಾಂತ್’ ಅನ್ನುತ್ತಿದ್ದುದು ‘ಪವಿತ್ರ್ ಆತ್ಮೊ’ ಆಯಿತು. ಸಂಸ್ಕೃತದ ಮೇಷ್ಟ್ರಾಗಿ ನಾನು ಸಂತೋಷಪಡಬೇಕಿತ್ತು. ಪವಿತ್ರಾತ್ಮನ ಮಟ್ಟಿಗೆ ಸಂತೋಷವೇ. ಆದರೆ ಈಚೆಗೆ ಕೆಲವರು ‘ಬೆಸಾಂವ್’ ಬಿಟ್ಟು ‘ಆಶೀರ್ವಾದ್’ ಅನ್ನಲು ತೊಡಗಿದ್ದು ಕೇಳಿದಾಗ ಮನಸ್ಸು ಒಪ್ಪುವುದಿಲ್ಲ. ಆಶೀರ್ವಾದ ವೇದಿಕೆಯಲ್ಲಿ ಸಿಗ್ತದೆ. ಬೆಸಾಂವ್ ಸಿಗಬೇಕಾದರೆ ಅಜ್ಜನ ಮಂಚದ ಹತ್ತಿರಕ್ಕೇ ಹೋಗಬೇಕು.

ಈಗ ಲಿಪಿಯ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ. ಇಟಲಿಯ ಜೆಸುಯಿಟ್ ಪಾದ್ರಿ ಆಂಜೆಲೊ ಮಾಫೈ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ಶಬ್ದಕೋಶವನ್ನೂ ಪ್ರಕಟಿಸಿದಾಗ ಕೊಂಕಣಿ ಶಬ್ದಗಳಿಗೆ ಕನ್ನಡ ಅಕ್ಷರವನ್ನು ಬಳಸಿದ. ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅಕ್ಷರದ ಮೊಳೆಗೆ ಮತಭೇದ ಇಲ್ಲ. 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ಧರ್ಮಪ್ರಾಂತ್ಯದ ವಾರಪತ್ರಿಕೆ ‘ರಾಕ್ಣೊ’ ಬಂದುವು. ಮನೆಯ ಪ್ರಾರ್ಥನಾಪುಸ್ತಕ ಕನ್ನಡ ಲಿಪಿಯ ಕೊಂಕಣಿಯಲ್ಲಿ ಇರುವುದು ಸಹಜ ಅನ್ನಿಸಿಬಿಟ್ಟಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದರೂ ಇಲ್ಲಿಯ ಈ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಉಳಿದುವು. ರಾಜ್ಯದ ಗಡಿ ಬೇರೆ, ಬಿಷಪರ ಗಡಿ ಬೇರೆ. 1890ರಷ್ಟು ಹಿಂದಿನ ಬೇಳದ ಶೋಕಮಾತೆಯ ಇಗರ್ಜಿಯವರಿಗೆ ಪುಸ್ತಕ ಮಂಗಳೂರಿನಿಂದಲೇ ಬರುತ್ತಿತ್ತು, ಶಾಲೆಯಲ್ಲಿ ಕನ್ನಡ ಇತ್ತು, ಓದುವುದಕ್ಕೆ ತೊಂದರೆ ಇರಲಿಲ್ಲ.

ಈಗ ಶಾಲೆ ಬದಲಾಯಿತು. ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗ್ತಾರೆ, ಎರಡನೆಯ ಭಾಷೆ ಮಲಯಾಳ. 2017ರಲ್ಲಿ ಕೇರಳದಲ್ಲಿ ಮಲಯಾಳ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ಅದು ಎಲ್ಲರಿಗೂ ಗೊತ್ತುಂಟು. ಆ ಗದ್ದಲದಲ್ಲಿ ಯಾರೂ ಎಣಿಸದ ಒಂದು ನಷ್ಟ ಅಜ್ಜಿಯ ಪ್ರಾರ್ಥನಾಪುಸ್ತಕದ್ದು. ಮೊಮ್ಮಗನಿಗೆ ಕೊಂಕಣಿ ಬರ್ತದೆ, ಅಕ್ಷರ ಬರುವುದಿಲ್ಲ. ನಾನು ಕಂಡ ಕೆಲವು ಮನೆಗಳಲ್ಲಿ ಮಕ್ಕಳು ಜಪವನ್ನು ಮಲಯಾಳ ಅಕ್ಷರದಲ್ಲಿ ಚೀಟಿ ಮಾಡಿಕೊಂಡಿದ್ದಾರೆ, ಕೆಲವರು ರೋಮನ್ ಅಕ್ಷರದಲ್ಲಿ. ಮಕ್ಕಳನ್ನು ಬಯ್ಯುವುದಕ್ಕೆ ಅಲ್ಲ ಇದನ್ನು ಹೇಳುವುದು. ಚೀಟಿ ಮಾಡಿಕೊಂಡಾದರೂ ಜಪಿಸ್ತಾರಲ್ಲ, ಅದು ದೊಡ್ಡದು. ಆದರೆ ಉಪಭಾಷೆಯ ವಿದ್ಯಾರ್ಥಿಗಳಾದ ನಾವು ಅಲ್ಲಿ ಆಗುವ ಧ್ವನಿಪರಿವರ್ತನೆಯನ್ನು ಗಮನಿಸಬೇಕು.

‘ಮಾಗ್ಣೆಂ’ ಪದದ ಕೊನೆಯ ಸೊನ್ನೆ ಕೊಂಕಣಿಯಲ್ಲಿ ಮಕಾರ ಅಲ್ಲ, ಸ್ವರವನ್ನು ಮೂಗಿನಿಂದ ಹೊರಡಿಸುವ ಗುರುತು. ಕನ್ನಡದಲ್ಲಿಯೂ ಪದದ ಕೊನೆಯ ಸೊನ್ನೆ ಮಕಾರವೇ, ಆದರೆ ನೂರಾರು ವರ್ಷದ ರೂಢಿಯಿಂದ ಇಲ್ಲಿಯ ಕೊಂಕಣಿ ಓದುಗರಿಗೆ ಅದರ ಗುಟ್ಟು ಗೊತ್ತಿತ್ತು. ಮಲಯಾಳ ಓದಿ ಬಂದ ಹುಡುಗ ಸೊನ್ನೆ ಕಂಡ ಕೂಡಲೇ ತುಟಿ ಮುಚ್ಚುತ್ತಾನೆ, ‘ಮಾಗ್ಣೆಮ್’ ಆಗ್ತದೆ. ಎರಡನೆಯದು ಪದಾಂತ್ಯದ ಅರ್ಧಾಕ್ಷರ. ‘ದೇವ್’, ‘ಪೂತ್’ ಎಂಬವುಗಳಲ್ಲಿ ವ್ಯಂಜನದಲ್ಲಿಯೇ ಮಾತು ನಿಲ್ಲಬೇಕು. ಮಲಯಾಳದಲ್ಲಿ ಪದದ ಕೊನೆಗೆ ಚಂದ್ರಕಲೆ ಬಂದರೆ ಅರೆಬಿರಿದ ಒಂದು ಉಕಾರ ಹೇಳುವುದು ನಿಯಮ. ಹಾಗಾಗಿ ‘ದೇವು’, ‘ಪೂತು’ ಎಂಬುದಕ್ಕೆ ಹತ್ತಿರವಾದ ಉಚ್ಚಾರಣೆ ಕೇಳ್ತದೆ.

ಇಲ್ಲಿ ಒಂದು ವಿಚಿತ್ರ ಉಂಟು. ಮಂಜೇಶ್ವರದ ಅನಂತೇಶ್ವರ ದೇವಸ್ಥಾನದ ಸುತ್ತ ಇರುವ ಗೌಡ ಸಾರಸ್ವತರ ಕೊಂಕಣಿಯಲ್ಲಿ ದೇವರಿಗೆ ‘ದೇವು’ ಅಂತಲೇ ಹೇಳುವುದು, ಮಗನಿಗೆ ‘ಪೂತು’. ಸಂಸ್ಕೃತದ ‘ದೇವಃ’ ಪ್ರಾಕೃತದಲ್ಲಿ ‘ದೇವೋ’, ಅಪಭ್ರಂಶದಲ್ಲಿ ‘ದೇವು’. ಸಾರಸ್ವತರು ಆ ಉಕಾರ ಉಳಿಸಿಕೊಂಡರು, ಕಥೋಲಿಕರ ಬಾಯಲ್ಲಿ ಅದು ಸವೆದು ‘ದೇವ್’ ಆಯಿತು. ಈಗ ಮಲಯಾಳ ಲಿಪಿಯ ದೆಸೆಯಿಂದ ಕಥೋಲಿಕ ಹುಡುಗನ ಬಾಯಿಗೆ ಅದೇ ಉಕಾರದ ನೆರಳು ತಿರುಗಿ ಬರ್ತಾ ಉಂಟು. ಮುಂದೆ ನೂರು ವರ್ಷದ ಬಳಿಕ ಯಾರಾದರೂ ಪಂಡಿತ ಇದನ್ನು ಕೇಳಿ, ಕಾಸರಗೋಡಿನ ಕಥೋಲಿಕರು ಅಪಭ್ರಂಶದ ಹಳೆ ರೂಪ ಉಳಿಸಿಕೊಂಡಿದ್ದಾರೆ ಅಂತ ಪ್ರಬಂಧ ಬರೆದರೆ ಆಶ್ಚರ್ಯ ಇಲ್ಲ. ಅಂಥ ತಪ್ಪು ಆಗದಂತೆ ಈಗಲೇ ಬರೆದಿಡುವುದು ನಮ್ಮ ಕೆಲಸ.

ಬದಲಾವಣೆ ಎಲ್ಲವೂ ಹಾನಿಯ ಕಡೆಗೇ ಅಂತ ನನ್ನ ಅಭಿಪ್ರಾಯ ಅಲ್ಲ. 2020ರ ಮಾರ್ಚಿನಲ್ಲಿ ಕೊರೋನ ಕಾರಣ ಇಗರ್ಜಿಗಳು ಮುಚ್ಚಿದಾಗ, ಆ ವರ್ಷದ ಏಪ್ರಿಲ್ 12ರ ಪಾಸ್ಕ ಹಬ್ಬಕ್ಕೂ ಜನ ಮನೆಯಲ್ಲಿಯೇ ಕೂತರು. 1784ರ ಸಂಕಟಕ್ಕೆ ಇದನ್ನು ಹೋಲಿಸುವುದು ಅನ್ಯಾಯ. ಆದರೂ ಪೂಜೆ ಇಲ್ಲದ ಆ ದಿನಗಳಲ್ಲಿ ಮತ್ತೆ ಭಾರ ಹೊತ್ತದ್ದು ಮನೆಯ ತೇರ್ಸೇ. ಬಿಟ್ಟುಹೋಗಿದ್ದ ಕೆಲವು ಮನೆಗಳಲ್ಲಿ ಅದು ಆಗ ಪುನಃ ಶುರುವಾಯಿತು. ದುಬಾಯಿಯಲ್ಲಿರುವ ಮಕ್ಕಳು ಫೋನಿನಲ್ಲಿ ಸೇರಿಕೊಳ್ಳುತ್ತಾರೆ. ಇಲ್ಲಿ ಏಳೂವರೆ, ಅಲ್ಲಿ ಆರು ಗಂಟೆ, ಕೆಲಸ ಮುಗಿಯುವ ಹೊತ್ತು. ದಿನದ ವಾಚನ, ಅದರ ಮೇಲೆ ಎರಡು ನಿಮಿಷದ ನಿಯಾಳ್, ಈಗ ಧ್ವನಿಮುದ್ರಣವಾಗಿ ಬರ್ತದೆ. ಅಕ್ಷರ ಬಾರದವನಿಗೂ ಕಿವಿ ಉಂಟಲ್ಲ. ಸೇವಿಯರನ ಗಂಟೆಯ ಕಾಲಕ್ಕೆ ಒಂದು ಸುತ್ತು ತಿರುಗಿ ಬಂದ ಹಾಗೆ ಆಯಿತು. ನೆರೆಕರೆಯ ಒಬ್ಬ ವೃದ್ಧೆ, ಕಣ್ಣು ಪೂರ್ತಿ ಹೋದವರು, ‘ಪುಸ್ತಕ ಯಾಕೆ ಮಾಷ್ಟ್ರೆ, ಮಣಿ ಎಣಿಸ್ಲಿಕ್ಕೆ ಬೆರಳು ಸಾಕು’ ಅಂದರು. ಅವರ ಬಾಯಲ್ಲಿ ‘ಸ್ಪಿರಿತು ಸಾಂತ್’ ಇನ್ನೂ ಉಂಟು.

ಇಂಥವರ ಜಪವನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ತುರ್ತಾಗಿ ಆಗಬೇಕು. ಪ್ರಾರ್ಥನೆಯ ಪಾಠ ಅಚ್ಚಾಗಿದೆ, ಅದಕ್ಕೆ ಅವಸರವಿಲ್ಲ. ಬೇಕಾದದ್ದು ಉಚ್ಚಾರಣೆ, ರಾಗ, ಎಲ್ಲಿ ಉಸಿರು ತೆಗೆಯುತ್ತಾರೆ ಎಂಬುದು, ಮುಂದಾಳು ಹೇಳಿದ್ದಕ್ಕೆ ಉಳಿದವರು ಎಲ್ಲಿ ಸೇರಿಕೊಳ್ಳುತ್ತಾರೆ ಎಂಬುದು. ಮನೆಯವರ ಒಪ್ಪಿಗೆ ಪಡೆದೇ ಮಾಡಬೇಕು, ಅದು ಪ್ರದರ್ಶನದ ವಸ್ತು ಅಲ್ಲ. ಮಂಜೇಶ್ವರ, ಕಯ್ಯಾರು, ಬೇಳ ಮೂರು ಕಡೆ ಒಂದೊಂದು ಮುದಿಯರ ಮನೆ, ಒಂದೊಂದು ಎಳೆಯರ ಮನೆ ಆರಿಸಿಕೊಂಡರೆ ಮೊದಲಿಗೆ ಸಾಕು. ಜತೆಗೆ ಅದೇ ಊರಿನ ಸಾರಸ್ವತರ ಒಂದು ಮನೆಯ ಸಂಜೆಯ ಭಜನೆಯನ್ನೂ ತೆಗೆದುಕೊಳ್ಳಬೇಕು. ‘ದೇವ್’ ಮತ್ತು ‘ದೇವು’ ಪಕ್ಕಪಕ್ಕದಲ್ಲಿ ಕೇಳಿಸದೆ ಮೇಲೆ ಹೇಳಿದ ಉಕಾರದ ಪ್ರಶ್ನೆ ಬಗೆಹರಿಯುವುದಿಲ್ಲ.